ಗೌರಿ ಹಬ್ಬದ ದಿನದ ಫೈನಲ್

ಓಡಲು ಬರುವುದಿಲ್ಲ ಎಂಬ ಕಾರಣಕ್ಕೇ ನಾನು ಗೋಲ್‌ಕೀಪರ್ ಆದೆ. ಒಂಟಿಕೊಪ್ಪಲಿನ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಅಲ್ಲಿಯವರೆಗೆ ಆಟವೆಂದರೆ ಖೋಖೋ, ಥ್ರೋಬಾಲ್, ಅದು ಬಿಟ್ಟರೆ ಆಗಸ್ಟ್ ಹದಿನೈದರ ಡ್ರಿಲ್. ತೊಂಬತ್ತರ ದಶಕದ ನಡುವಿನ ಒಂದು ವರ್ಷ ಹೊಸದಾಗಿ ಬಂದ ಪಿ.ಟಿ. ಮೇಡಂ, ಈ ಸಲ ಇಲಾಖೆಯ ಕ್ರೀಡಾಕೂಟದಲ್ಲಿ ಹುಡುಗಿಯರಿಗೂ ಫುಟ್‌ಬಾಲ್ ಇದೆಯಂತೆ, ನಾವೂ ಒಂದು ಟೀಮು ಕಟ್ಟೋಣ ಎಂದರು. ನಾನಾಗ ಎಂಟನೇ ತರಗತಿ. ಮೇಡಂ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮೈದಾನದ ಆ ಕೊನೆಯವರೆಗೆ ಓಡಿಸಿ ನೋಡಿದರು. ಎಲ್ಲರಿಗಿಂತ ಹಿಂದೆ ಬಂದವಳು ನಾನು. ಆದರೆ ಎತ್ತರವಿದ್ದೆ. ಮೇಡಂ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕಂಬಗಳ ಮಧ್ಯೆ ಹೋಗಿ ನಿಂತುಕೋ ಎಂದರು.

ಎಲ್ಲರಿಗಿಂತ ಮೊದಲು ಬಂದವಳು ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ. ಅವಳ ಮನೆ ಹೂಟಗಳ್ಳಿಯಲ್ಲಿ, ಅಪ್ಪ ಅಲ್ಲಿಯದೇ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಆ ಕಡೆ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆ ಸೈಟುಗಳಲ್ಲಿ ಅಣ್ಣಂದಿರ ಜೊತೆ ಏನು ಸಿಕ್ಕರೆ ಅದನ್ನು ಒದ್ದುಕೊಂಡು ಬೆಳೆದವಳು ಅವಳು. ಚೆಂಡು ಅವಳ ಕಾಲಿಗೆ ಬಂತೆಂದರೆ ನಾಯಿಮರಿಯ ಹಾಗೆ ಜೊತೆಗೇ ಓಡುತ್ತಿತ್ತು. ಉಳಿದವರಿಗೆ ಅದು ಬಂದ ದಿಕ್ಕಿಗೇ ವಾಪಸು ಒದೆಯುವುದಷ್ಟೇ ಗೊತ್ತಿತ್ತು.

ಆ ವರ್ಷ ವಲಯ ಮಟ್ಟದ ಮೊದಲ ಪಂದ್ಯದಲ್ಲಿ ನಗರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ನಮಗೆ ಏಳು ಗೋಲು ಹೊಡೆದರು. ಅವರ ಕಾಲಲ್ಲಿ ಬೂಟು, ಮೈಮೇಲೆ ನಂಬರಿನ ಜೆರ್ಸಿ. ನಮ್ಮದು ಚೂಡಿದಾರದ ಪ್ಯಾಂಟಿನ ಮೇಲೆ ಅಣ್ಣಂದಿರ ಶರ್ಟು, ಡ್ರಿಲ್ಲಿನ ಬಿಳಿ ಕ್ಯಾನ್ವಾಸ್ ಶೂ. ಪ್ರತಿ ಗೋಲಿಗೂ ಚೆಂಡನ್ನು ಬಲೆಯಿಂದ ಬಿಡಿಸಿ ತರುವುದು ನನ್ನ ಪಾಲು. ಕೊನೆಕೊನೆಗೆ ನಮ್ಮವರು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು. ಮನೆಗೆ ಬಂದು ಬಚ್ಚಲಲ್ಲಿ ಕಾಲಿನ ಮಣ್ಣು ತೊಳೆಯುತ್ತಾ ಬಹಳ ಹೊತ್ತು ಅತ್ತೆ. ಆದರೂ ಆಟ ಬಿಡಬೇಕೆಂದು ಮಾತ್ರ ಅನ್ನಿಸಲಿಲ್ಲ. ಅದು ಯಾಕೆಂದು ಈಗಲೂ ಹೇಳಲಾರೆ. ಕಂಬಗಳ ಮಧ್ಯೆ ನಿಂತಾಗ ಇಡೀ ಮೈದಾನ ನನ್ನೆದುರಿಗೆ ತೆರೆದುಕೊಂಡಿರುತ್ತಿತ್ತಲ್ಲ, ಅದು ಇಷ್ಟವಾಗಿಬಿಟ್ಟಿತ್ತು.

ಮುಂದಿನ ವರ್ಷ ಶಾಲೆ ಶುರುವಾದಾಗ ಪಿ.ಟಿ. ಮೇಡಂಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹೇಳಿಕೊಡುವವರಿಲ್ಲದೆ ಟೀಮು ಕಳಿಸುವುದು ಹೇಗೆ, ಈ ವರ್ಷ ಥ್ರೋಬಾಲ್ ಸಾಕು ಎಂದು ಹೆಡ್‌ಮಿಸ್ ಹೇಳಿಬಿಟ್ಟರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾವು ಬೆಳಿಗ್ಗೆ ಬೇಗ ಬಂದು ನಮ್ಮಷ್ಟಕ್ಕೆ ನಾವು ಆಡುತ್ತಿದ್ದೆವು. ಪ್ರಾರ್ಥನೆಯ ಗಂಟೆ ಹೊಡೆಯುತ್ತಿದ್ದಂತೆ ಚೆಂಡನ್ನು ಒಯ್ದು ಸ್ಟಾಫ್ ರೂಮಿನ ಬೀರುವಿನ ಮೇಲಿಡುತ್ತಿದ್ದೆವು.

ಅದೇ ಜೂನ್ ತಿಂಗಳ ಒಂದು ಭಾನುವಾರ ಅಪ್ಪ ನನ್ನನ್ನು ಚಾಮರಾಜಪುರಂಗೆ ಕರೆದುಕೊಂಡು ಹೋದರು. ನಮ್ಮದು ಮಠದ ಭಕ್ತರ ಮನೆತನ, ತಾತನ ಕಾಲದಿಂದ ದಿನಸಿ ವ್ಯಾಪಾರ. ಅಂಗಡಿಯ ಪಕ್ಕದವರ ಜೊತೆ ಒಂದು ಗೋಡೆಯ ವ್ಯಾಜ್ಯ ಇತ್ತು. ಚಾಮರಾಜಪುರಂನಲ್ಲಿದ್ದ ವಕೀಲರೊಬ್ಬರು ವಯಸ್ಸಾಯಿತೆಂದು ಕೋರ್ಟಿಗೆ ಹೋಗುವುದನ್ನು ಬಿಟ್ಟಿದ್ದರೂ ಹಳೆಯ ಕಕ್ಷಿದಾರರಿಗೆ ಸಲಹೆ ಕೊಡುತ್ತಿದ್ದರು. ಅಪ್ಪ ಅವರ ಜೊತೆ ಗೋಡೆಯ ವಿಷಯ ಮಾತಾಡುವಾಗ ನಾನು ಪಡಸಾಲೆಯ ಫೋಟೋಗಳನ್ನು ನೋಡುತ್ತಾ ನಿಂತಿದ್ದೆ. ಅರಮನೆಯ ಪೇಟ ಸುತ್ತಿದ ಹಿರಿಯರೊಬ್ಬರ ಫೋಟೋ ಪಕ್ಕದಲ್ಲಿ ಇನ್ನೊಂದು ಚಿಕ್ಕ ಫೋಟೋ. ಅದರಲ್ಲಿ ಹುಡುಗರ ಒಂದು ಗುಂಪು. ಎಲ್ಲರದೂ ಬರಿಗಾಲು, ಪಾದಕ್ಕೆ ಮಾತ್ರ ಬಟ್ಟೆ ಪಟ್ಟಿ ಸುತ್ತಿದ್ದರು. ನಡುವೆ ಕೂತವನ ಮುಂದೆ ಒಂದು ಚೆಂಡು.

ಇದರಲ್ಲಿ ನೀವು ಯಾರು ಎಂದು ಕೇಳಿಬಿಟ್ಟೆ. ಅಪ್ಪ ನನ್ನ ಕಡೆ ಕಣ್ಣು ಬಿಟ್ಟರು. ವಕೀಲರು ಗೋಡೆಯ ವ್ಯಾಜ್ಯವನ್ನು ಅಲ್ಲಿಗೇ ನಿಲ್ಲಿಸಿ, ಎಡಗಡೆ ಕೊನೆಯವನು ಎಂದರು. ಹಳೆಯ ಕಾಲದಲ್ಲಿ ನಮ್ಮೂರಿನ ಲೀಗ್ ಪಂದ್ಯಗಳಲ್ಲಿ ಆಡುತ್ತಿದ್ದರಂತೆ. ಅರಮನೆ ನೌಕರಿಯಲ್ಲಿದ್ದ ಅವರ ತಂದೆಗೆ ಇದು ಹಿಡಿಸುತ್ತಿರಲಿಲ್ಲವಾದ್ದರಿಂದ ಆಟ ಮುಗಿದ ಮೇಲೆ ಬೀದಿಯ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಪುಸ್ತಕ ಹಿಡಿದುಕೊಂಡು, ಲೈಬ್ರರಿಯಿಂದ ಬಂದವರ ಹಾಗೆ ಮನೆಗೆ ಬರುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ನನ್ನ ಕಡೆ ತಿರುಗಿ, ನಿನಗೆ ಇದೆಲ್ಲ ಯಾಕೆ ಎಂದು ಕೇಳಿದರು. ನಾನು ಗೋಲ್‌ಕೀಪರ್ ಎಂದೆ. ಎಷ್ಟು ಗೋಲು ಬಿಟ್ಟಿದ್ದೀಯ ಎಂದರು. ಏಳು ಎಂದೆ. ಅಪ್ಪನಿಗೆ ಅದುವರೆಗೆ ನಾನು ಆ ಲೆಕ್ಕ ಹೇಳಿರಲಿಲ್ಲ.

ವಕೀಲರು ನಗಲಿಲ್ಲ. "ಚೆಂಡು ನಿನ್ನ ಹತ್ರ ಬರೋ ಹೊತ್ತಿಗೆ ಹತ್ತು ಜನ ಅದನ್ನ ಬಿಟ್ಟಿರ್ತಾರಮ್ಮ. ನೀನು ಹನ್ನೊಂದನೆಯವಳು. ಆ ಹತ್ತು ಜನ ಎಲ್ಲಿದ್ರು?" ಎಂದು ಕೇಳಿದರು.

ಒಂದು ವರ್ಷದಿಂದ ಎದೆಯ ಮೇಲಿದ್ದ ಏನೋ ಒಂದು ಪಕ್ಕಕ್ಕೆ ಸರಿದ ಹಾಗಾಯಿತು. ಟೀಚರ್ ಇಲ್ಲ, ಟೀಮು ಇಲ್ಲ ಎಂಬುದನ್ನೂ ಹೇಳಿಬಿಟ್ಟೆ. ಮನೆ ಹತ್ತಿರ ಬಂದಾಗ ಅಪ್ಪ, ಏಳು ಗೋಲು ಅಂತ ನನಗೆ ಯಾಕೆ ಹೇಳಲಿಲ್ಲ ಕಣಮ್ಮ ಎಂದಷ್ಟೇ ಕೇಳಿದರು.

ಮುಂದಿನ ವಾರ ಒಂದು ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ ಆಟೋ ನಿಂತಿತು. ಬಿಳಿ ಪಂಚೆ, ಅರ್ಧ ತೋಳಿನ ಶರ್ಟು, ಕೈಯಲ್ಲಿ ಕೋಲು. ವಕೀಲರು ಇಳಿದರು. ಅವರ ಹಿಂದೆಯೇ ಅವರ ಮನೆಯವರು ಫ್ಲಾಸ್ಕು, ಮಾತ್ರೆ ಡಬ್ಬಿ ಹಿಡಿದುಕೊಂಡು ಇಳಿದರು. ಇವರ ಮಂಡಿ ಇವರ ಮಾತು ಕೇಳುವುದಿಲ್ಲ, ಇವರು ನನ್ನ ಮಾತು ಕೇಳುವುದಿಲ್ಲ, ಅದಕ್ಕೆ ನಾನೇ ಬಂದೆ ಎಂದು ಆ ಅಮ್ಮ ಹೆಡ್‌ಮಿಸ್‌ಗೆ ಹೇಳಿದರು. ವಕೀಲರು ಹುಡುಗಿಯರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆಂದಾಗ ಹೆಡ್‌ಮಿಸ್ ಮೊದಲು ಗಾಬರಿಯಾದರು. ಹೆಣ್ಣುಮಕ್ಕಳ ಶಾಲೆ, ಹೊರಗಿನವರು, ವಯಸ್ಸಾದವರು. ಆದರೆ ಗಂಡ ಹೆಂಡತಿ ಇಬ್ಬರೂ ಬರುತ್ತಾರೆಂದ ಮೇಲೆ ಬೇಡವೆನ್ನಲು ಕಾರಣ ಸಿಗಲಿಲ್ಲ. ಆಫೀಸಿನಿಂದ ಎರಡು ಕುರ್ಚಿ ತರಿಸಿ ಬೇವಿನ ಮರದ ಕೆಳಗೆ ಹಾಕಿಸಿದರು.

ವಕೀಲರು ಏನನ್ನೂ ಆಡಿ ತೋರಿಸಲಾರರು. ಅವರು ಕೇಳುತ್ತಿದ್ದುದು ಬರೀ ಪ್ರಶ್ನೆ. ಆಟ ನಡೆಯುವಾಗ ಇದ್ದಕ್ಕಿದ್ದಂತೆ ಕೋಲಿನಿಂದ ಕುರ್ಚಿಯ ಕಾಲಿಗೆ ತಟ್ಟುವರು. ಎಲ್ಲರೂ ಎಲ್ಲಿದ್ದೇವೋ ಅಲ್ಲೇ ನಿಲ್ಲಬೇಕು. ಆಮೇಲೆ ಒಬ್ಬಳನ್ನು ಕರೆದು ವಿಚಾರಣೆ. ನೀನು ಅಲ್ಲಿಗೆ ಯಾಕೆ ಓಡಿದೆ? ಚೆಂಡು ಅಲ್ಲಿತ್ತು ಸರ್. ಚೆಂಡಿನ ಹತ್ತಿರ ಇನ್ನೂ ಯಾರಿದ್ದರು? ಎಲ್ಲರೂ ಇದ್ದರು ಸರ್. ಹಾಗಾದರೆ ಉಳಿದ ಮೈದಾನದಲ್ಲಿ ಯಾರಿದ್ದರು? ಉತ್ತರ ತಾವೇ ಹೇಳುತ್ತಿರಲಿಲ್ಲ. ಹೀಗೆ ಕೆಲವು ವಾರ ಕಳೆಯುವಷ್ಟರಲ್ಲಿ ಚೆಂಡಿನ ಹಿಂದೆ ಗುಂಪಾಗಿ ಓಡುತ್ತಿದ್ದ ನಾವು ಒಬ್ಬೊಬ್ಬರೇ ಒಂದೊಂದು ಕಡೆ ನಿಲ್ಲಲು ಕಲಿತೆವು.

ನನ್ನ ಕಷ್ಟ ಬೇರೆ ಇತ್ತು. ಚೆಂಡು ಜೋರಾಗಿ ಬರುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅದು ನನಗೇ ಗೊತ್ತಿರಲಿಲ್ಲ. ಅದನ್ನು ಗಮನಿಸಿದ್ದು ಆ ಅಮ್ಮ. ವಕೀಲರ ಕಿವಿಯಲ್ಲಿ ಏನೋ ಹೇಳಿದರು. ಮಾರನೆಯ ದಿನ ವಕೀಲರು ತರಗತಿಯಿಂದ ಸೀಮೆಸುಣ್ಣ ತರಿಸಿ, ಚೆಂಡಿನ ಮೇಲೆ ದೊಡ್ಡದಾಗಿ ಒಂದು ಅಕ್ಷರ ಬರೆದು ಕೂತಲ್ಲಿಂದಲೇ ನನ್ನತ್ತ ಎಸೆದರು. ಹಿಡಿಯುವುದು ಬಿಡುವುದು ಆಮೇಲೆ, ಮೊದಲು ಅಕ್ಷರ ಯಾವುದು ಹೇಳು ಎಂದರು. ಮೊದಮೊದಲು ಹೇಳಲಾಗುತ್ತಿರಲಿಲ್ಲ. ಆಮೇಲೆ ಗೆಳತಿ ದೂರದಿಂದ ಒದ್ದರೂ ಹೇಳುವ ಹಾಗಾದೆ. ಅಕ್ಷರ ಓದುವ ಗಡಿಬಿಡಿಯಲ್ಲಿ ಹೆದರಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ.

ಎದುರಾಳಿ ಒಬ್ಬಳೇ ಚೆಂಡು ತೆಗೆದುಕೊಂಡು ಬಂದಾಗ ಏನು ಮಾಡಬೇಕೆಂದು ಮಾತ್ರ ಅವರು ನೇರವಾಗಿ ಹೇಳಿಕೊಟ್ಟರು. "ಸಾಕ್ಷಿ ತಾನಾಗಿ ಬಾಯಿ ಬಿಡೋ ತನಕ ವಕೀಲ ಕಾಯಬೇಕು. ನೀನು ಮೊದಲೇ ಬಿದ್ದುಬಿಟ್ಟರೆ ಅವಳು ಆರಾಮಾಗಿ ಇನ್ನೊಂದು ಕಡೆ ಒದೀತಾಳೆ. ಮುಂದೆ ಬಂದು ನಿಂತ್ಕೋ. ಕಾಯಿ. ತೀರ್ಮಾನ ಅವಳೇ ಮಾಡ್ಲಿ."

ಆಗಸ್ಟ್‌ನಲ್ಲಿ ವಲಯ ಮಟ್ಟದ ಪಂದ್ಯಗಳು ಶುರುವಾದವು. ಮೊದಲಿನ ಪಂದ್ಯಗಳನ್ನು ನಾವು ಗೆದ್ದೆವು ಎಂದರೆ ಯಾರೂ ನಂಬಲಿಲ್ಲ, ನಾವೂ ನಂಬಲಿಲ್ಲ. ಗೋಲುಗಳೆಲ್ಲ ಗೆಳತಿಯವೇ. ಫೈನಲ್‌ನಲ್ಲಿ ಎದುರಿಗೆ ಬಂದದ್ದು ಹಿಂದಿನ ವರ್ಷ ಏಳು ಗೋಲು ಹೊಡೆದ ಅದೇ ಇಂಗ್ಲಿಷ್ ಮೀಡಿಯಂ ಶಾಲೆ. ಫೈನಲ್ ದಿನ ಮಧ್ಯಾಹ್ನ ಎಂಥ ಮಳೆ ಬಂತೆಂದರೆ ಮೈದಾನದಲ್ಲಿ ಚೆಂಡು ಉರುಳುವ ಬದಲು ತೇಲಿತು. ಪಂದ್ಯ ಮುಂದಕ್ಕೆ ಹೋಯಿತು. ಜಿಲ್ಲಾ ಮಟ್ಟದ ಪಂದ್ಯಗಳು ಮುಂದಿನ ವಾರವೇ ಇದ್ದದ್ದರಿಂದ ಬಿಡುವಿದ್ದದ್ದು ಒಂದೇ ದಿನ. ಸಂಘಟಕರು ಆ ದಿನವನ್ನೇ ಗೊತ್ತು ಮಾಡಿದರು. ಅವರೆಲ್ಲ ಗಂಡಸರು. ಅದು ಗೌರಿ ಹಬ್ಬದ ದಿನವೆಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಮಾರನೆಯ ದಿನದ ಗಣೇಶನಿಗೆ ಸರ್ಕಾರಿ ರಜೆ ಇತ್ತು, ಅವನ ತಾಯಿಗಿರಲಿಲ್ಲ.

ಹೆಡ್‌ಮಿಸ್ ಹೋಗಿ ಕೇಳಿಕೊಂಡು ಬಂದರು. ಬೇರೆ ದಿನವಿಲ್ಲ, ಬರದಿದ್ದರೆ ಎದುರು ತಂಡ ಗೆದ್ದ ಹಾಗೆ ಎಂಬ ಉತ್ತರ ಸಿಕ್ಕಿತು. ಎದುರಿನವರಲ್ಲಿ ಬಹಳ ಮಂದಿ ಶಾಲೆಯ ಹಾಸ್ಟೆಲಿನಲ್ಲೇ ಇದ್ದವರು, ಅವರಿಗೆ ತೊಂದರೆಯಿರಲಿಲ್ಲ. ನಮ್ಮಲ್ಲಿ ಒಬ್ಬೊಬ್ಬಳ ಮನೆಯಲ್ಲೂ ಪೂಜೆ. ವಕೀಲರು ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ, ಆಟ ಶುರು ಮಾಡಲು ಕನಿಷ್ಠ ಏಳು ಜನ ಬೇಕು ಎಂದರು. ಬನ್ನಿ ಎಂದು ನಾನು ಹೇಳುವುದಿಲ್ಲ, ಮನೆಯಲ್ಲಿ ಕೇಳಿ, ಸುಳ್ಳು ಹೇಳಿ ಯಾರೂ ಬರಬೇಡಿ ಎಂದರು. ಯಾರು ಬರಬಹುದು, ಯಾರು ಬರಲಿಕ್ಕಿಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಮ್ಮ ಮನೆಯಲ್ಲಿ ಅಜ್ಜಿ ಖಂಡಿತ ಬೇಡವೆಂದರು. ವರ್ಷಕ್ಕೊಮ್ಮೆ ಬರುವ ಗೌರಿ, ಹೆಣ್ಣುಮಕ್ಕಳು ಮನೆಯಲ್ಲಿ ಮಡಿಯುಟ್ಟು ಕೂರುವುದು ಬಿಟ್ಟು ಕೆಸರಲ್ಲಿ ಬೀಳಲು ಹೋಗುವುದುಂಟೆ ಎಂದರು. ಅದೂ ಅಲ್ಲದೆ ಪೂಜೆ ಮಾಡಿಸುವ ಅಯ್ನೋರು ನಮ್ಮ ಮನೆಗೆ ಬರುವ ಹೊತ್ತಿಗೆ ಹತ್ತು ಗಂಟೆಯಾಗುತ್ತದೆ, ಪಂದ್ಯ ಇರುವುದೇ ಹತ್ತಕ್ಕೆ. ಅಪ್ಪ ಅಜ್ಜಿಯ ಮುಂದೆ ಮಾತಾಡುವವರಲ್ಲ. ನಾನು ಒಳಗೆ ಹೋಗಿ ಗೋಡೆಗೆ ಒರಗಿ ಕೂತೆ.

ಸಂಜೆ ಅಮ್ಮ ಮಾವಿನ ಸೊಪ್ಪು ತರುತ್ತೇನೆಂದು ಹೊರಟವರು ಸ್ವಲ್ಪ ತಡವಾಗಿ ಬಂದರು. ಬಂದವರೇ ಬಾಗಿಲಿಗೆ ತೋರಣ ಕಟ್ಟುತ್ತಾ ನನ್ನನ್ನು ಕರೆದರು. "ಅಯ್ನೋರ ಮನೆಗೆ ಹೋಗಿದ್ದೆ. ನಾಳೆ ಮೊದಲು ನಮ್ಮನೆಗೇ ಬರ್ತಾರಂತೆ, ಆರು ಗಂಟೆಗೆ. ನಾನು ನಾಲ್ಕಕ್ಕೆ ನೀರು ಕಾಯಿಸ್ತೀನಿ, ಎದ್ದುಬುಡು. ಪೂಜೆ ಮುಗಿಸ್ಕೊಂಡು ಹೋಗೋಳಂತೆ" ಎಂದರು. ಆಮೇಲೆ ಅಜ್ಜಿಗೆ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿ, ಗೌರಿಗೆ ಬೇಗ ಪೂಜೆ ಆದರೆ ಕೋಪ ಬರುವುದಿಲ್ಲ, ತಡವಾದರೆ ತಾನೆ ಬರುವುದು ಎಂದರು. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದವರು ಅಜ್ಜಿಯೇ. ಪೂಜೆಯಾಯಿತು. ಹದಿನಾರೆಳೆಯ ಗೌರಿ ದಾರವನ್ನು ಅಜ್ಜಿಯೇ ನನ್ನ ಮುಂಗೈಗೆ ಕಟ್ಟಿದರು. ಕಟ್ಟುವಾಗ, ಕೆಸರು ತಾಗಿಸಬೇಡ ಎಂದರು. ಗೋಲ್‌ಕೀಪರ್ ಏನು ಮಾಡುತ್ತಾಳೆಂಬುದು ಅವರಿಗೆ ಗೊತ್ತಿರಲಿಲ್ಲ.

ಮೈದಾನಕ್ಕೆ ಹೋದಾಗ ನಮ್ಮವರು ನಾಲ್ಕು ಜನ ಬಂದಿದ್ದರು. ನಾನು ಐದನೆಯವಳು. ಒಬ್ಬೊಬ್ಬರಾಗಿ ಇನ್ನೂ ಮೂವರು ಸೇರಿದರು. ಅವರಲ್ಲಿ ನನ್ನ ಮುಂದೆ ನಿಂತು ಚೆಂಡು ತಡೆಯುವ ನಮ್ಮ ಬ್ಯಾಕ್ ಕೂಡ ಇದ್ದಳು. ಅವಳು ಗುಂಡಗಿನ ಹುಡುಗಿ, ಪುರೋಹಿತರ ಮಗಳು. ಅವಳ ಅಪ್ಪ ಆ ದಿನ ಊರೆಲ್ಲ ಸುತ್ತಿ ಪೂಜೆ ಮಾಡಿಸುವುದರಲ್ಲಿದ್ದುದರಿಂದ ಅನುಮತಿ ಹಿಂದಿನ ರಾತ್ರಿಯೇ ಅವಸರದಲ್ಲಿ ಸಿಕ್ಕಿಬಿಟ್ಟಿತ್ತಂತೆ. ಎಂಟು ಜನರಾದೆವು. ಹೂಟಗಳ್ಳಿಯ ಗೆಳತಿ ಮಾತ್ರ ಬರಲಿಲ್ಲ. ಹಬ್ಬದ ಬೆಳಿಗ್ಗೆ ಆ ಕಡೆಯಿಂದ ಬಸ್ಸು ಕಡಿಮೆ. ಗೇಟಿನ ಕಡೆ ನೋಡಿ ನೋಡಿ ಕತ್ತು ನೋಯಿತು.

ರೆಫ್ರಿ ಬಂದು ನಮ್ಮ ಕೈಗಳನ್ನು ನೋಡಿ ನಿಂತುಬಿಟ್ಟರು. ಎಲ್ಲರ ಕೈಯಲ್ಲೂ ಹಬ್ಬಕ್ಕೆಂದು ಹಿಂದಿನ ದಿನ ತೊಟ್ಟ ಹಸಿರು ಗಾಜಿನ ಬಳೆ. ಬಳೆ ಹಾಕಿಕೊಂಡು ಆಡುವ ಹಾಗಿಲ್ಲ, ಒಡೆದರೆ ನಿಮಗೂ ಪೆಟ್ಟು, ಎದುರಿನವರಿಗೂ ಪೆಟ್ಟು ಎಂದರು. ನಾವು ವಕೀಲರ ಕಡೆ ನೋಡಿದೆವು. ಇಂಥ ಕಡೆ ವಾದ ಮಾಡಲಿಕ್ಕೇ ಅಲ್ಲವೆ ಇವರು ಇರುವುದು ಎಂದುಕೊಂಡೆವು. ಆದರೆ ವಕೀಲರು, ಅವರು ಹೇಳುವುದು ಸರಿ ಎಂದುಬಿಟ್ಟರು.

ಒಬ್ಬಳು ಅಳಲು ಶುರು ಮಾಡಿದಳು. ಹಬ್ಬದ ದಿನ ಬರಿಗೈ ಆದರೆ ಮನೆಯಲ್ಲಿ ಸುಮ್ಮನಿರುತ್ತಾರೆಯೆ? ಬಳೆ ಬಿಗಿಯಾಗಿದ್ದವು, ತೆಗೆಯಲು ಹೋಗಿ ಒಡೆದರೆ ಇನ್ನೂ ಕೆಟ್ಟದ್ದು. ಆಗ ಆ ಅಮ್ಮ ಕುರ್ಚಿಯಿಂದ ಎದ್ದು ಬಂದರು. ಅವರೂ ಮುಂಜಾನೆಯೇ ಪೂಜೆ ಮುಗಿಸಿ ಹಣೆ ತುಂಬ ಕುಂಕುಮ ಇಟ್ಟುಕೊಂಡು ಬಂದಿದ್ದರು. ಮೈದಾನದ ಮೂಲೆಯ ನಲ್ಲಿಯ ಹತ್ತಿರ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಮಾಲಿಯ ಹತ್ತಿರ ಸೋಪಿನ ಚೂರೊಂದನ್ನು ಕೇಳಿ ತಂದು, ಒಬ್ಬೊಬ್ಬಳ ಕೈಯನ್ನೂ ತಮ್ಮ ಎರಡು ಕೈಯಲ್ಲಿ ಹಿಡಿದು, ಬೆರಳುಗಳನ್ನು ಮಡಿಸಿ, ನಿಧಾನವಾಗಿ ಬಳೆ ಜಾರಿಸಿದರು. ಒಂದೂ ಒಡೆಯಲಿಲ್ಲ. ಎಲ್ಲವನ್ನೂ ತಮ್ಮ ರೇಷ್ಮೆ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡರು.

"ಗೌರಿಗೆ ನಾನು ಹೇಳ್ಕೋತೀನಿ. ನೀವು ಹೋಗಿ ಆಡಿ" ಎಂದರು.

ದಾರಕ್ಕೆ ರೆಫ್ರಿ ಅಡ್ಡಿ ಮಾಡಲಿಲ್ಲ. ಅದರ ಮೇಲೆ ಕೈವಸ್ತ್ರ ಸುತ್ತಿಕೊಂಡು ನಾನು ಕಂಬಗಳ ಮಧ್ಯೆ ಹೋಗಿ ನಿಂತೆ.

ಎಂಟು ಜನ ಹನ್ನೊಂದು ಜನರ ಎದುರು ಆಡುವುದೆಂದರೆ ಆಡುವುದಲ್ಲ, ತಡೆದು ನಿಲ್ಲಿಸುವುದು. ವಕೀಲರು ನಮಗೆ ಹೇಳಿದ್ದು ಒಂದೇ ಮಾತು. ಗೆಳತಿ ಬರುವವರೆಗೆ ಯಾರೂ ಗೋಲು ಹೊಡೆಯುವ ಆಸೆ ಇಟ್ಟುಕೊಳ್ಳಬೇಡಿ, ಕೀಪರ್ ಮುಂದೆ ಗೋಡೆಯ ಹಾಗೆ ನಿಲ್ಲಿ ಎಂದಿದ್ದರು. ಹುಡುಗಿಯರು ನಿಂತರು. ಹಿಂದಿನ ವರ್ಷದ ಹಾಗೆ ಯಾರೂ ಚೆಂಡಿನ ಹಿಂದೆ ಓಡಿ ಹೋಗಲಿಲ್ಲ. ಪುರೋಹಿತರ ಮಗಳಂತೂ ಬಂದ ಚೆಂಡನ್ನೆಲ್ಲ ಮೈಯಿಂದ, ತೊಡೆಯಿಂದ, ಒಮ್ಮೆ ಮೂಗಿನಿಂದ ತಡೆದಳು. ಆದರೂ ಹಾಫ್ ಟೈಮಿಗೆ ಸ್ವಲ್ಪ ಮುಂಚೆ ಒಂದು ಗೋಲಾಯಿತು. ಕಾರ್ನರ್‌ನಿಂದ ಬಂದ ಚೆಂಡು ಯಾರದೋ ತಲೆಗೆ ತಾಗಿ ಒಳಗೆ ಹೋಯಿತು. ನಾನು ಅದನ್ನು ಕಣ್ಣು ಬಿಟ್ಟುಕೊಂಡೇ ನೋಡಿದೆ, ತಲುಪಲಾಗಲಿಲ್ಲ. ಬಲೆಯಿಂದ ಚೆಂಡು ತೆಗೆಯುವಾಗ ಈ ಸಲ ನಮ್ಮವರು ನನ್ನ ಮುಖ ನೋಡಿದರು. ಒಬ್ಬಳು ಬಂದು ಬೆನ್ನು ತಟ್ಟಿದಳು.

ಹಾಫ್ ಟೈಮಿನಲ್ಲಿ ಕಿತ್ತಳೆ ಹಣ್ಣು ಸುಲಿಯುತ್ತಾ ಕೂತಿದ್ದಾಗ ಮೊಪೆಡ್ ಸದ್ದಾಯಿತು. ಮುಂದೆ ಗೆಳತಿಯ ಅಪ್ಪ, ಹಿಂದೆ ಗೆಳತಿ. ಜರಿ ಲಂಗ, ಜಡೆ ತುಂಬ ಮಲ್ಲಿಗೆ, ತೊಡೆಯ ಮೇಲೆ ಶೂಗಳ ಚೀಲ. ಅಮ್ಮನ ಜೊತೆ ಮನೆಮನೆಗೆ ಬಾಗಿನ ಕೊಟ್ಟು ಮುಗಿಸುವಷ್ಟರಲ್ಲಿ ಬಸ್ಸು ಹೋಗಿಬಿಟ್ಟಿತ್ತಂತೆ. ಅವಳ ಅಪ್ಪ ರಾತ್ರಿ ಪಾಳಿ ಮುಗಿಸಿ ಆಗತಾನೆ ಬಂದು ಮಲಗಿದ್ದರಂತೆ. ಮಗಳು ಬಸ್ ಸ್ಟಾಪಿನಿಂದ ವಾಪಸು ಬಂದು ಹೊಸ್ತಿಲ ಮೇಲೆ ಕೂತದ್ದನ್ನು ನೋಡಿ ಅವರೇ ಎದ್ದು ಮೊಪೆಡ್ ಹೊರಗೆ ತೆಗೆದರಂತೆ. ಇದನ್ನೆಲ್ಲ ಅವಳು ಆಮೇಲೆ ಹೇಳಿದ್ದು. ಆಗ ಕೇಳಿದ್ದು ಎರಡೇ ಮಾತು.

"ಎಷ್ಟಾಗದೆ ಕಣೇ?"

"ಒಂದು ಸೊನ್ನೆ. ಅವರಿಗೆ."

"ಅಷ್ಟೇನಾ? ಬುಡು" ಎಂದು ಶೂ ಚೀಲ ತೆಗೆದುಕೊಂಡು ಬಟ್ಟೆ ಬದಲಾಯಿಸಲು ಓಡಿದಳು. ಆ ಅಮ್ಮನ ಕೈಯಲ್ಲಿ ಬಳೆ ತೆಗೆಸಿಕೊಂಡಳು, ಮಲ್ಲಿಗೆ ಮಾತ್ರ ತೆಗೆಯಲಿಲ್ಲ.

ವಕೀಲರು ರೆಫ್ರಿಯ ಹತ್ತಿರ ಹೋಗಿ ಅವಳ ಹೆಸರು ಮೊದಲೇ ಕೊಟ್ಟಿದ್ದೇವೆಂದು ಹೇಳಿದರು. ರೆಫ್ರಿ ತಲೆಯಾಡಿಸಿದರು. ಒಂಬತ್ತು ಜನರಾದೆವು. ಎರಡನೇ ಅರ್ಧದಲ್ಲಿ ಬಹಳ ಹೊತ್ತು ಅವಳಿಗೆ ಚೆಂಡೇ ಸಿಗಲಿಲ್ಲ. ಸಿಕ್ಕಾಗ ಮೈದಾನದ ನಡುವಿನಿಂದ ಒಬ್ಬಳೇ ಹೊರಟಳು. ಒದ್ದೆ ನೆಲದಲ್ಲಿ ಎದುರಿನವರ ಬೂಟುಗಳು ಹೂತುಕೊಳ್ಳುತ್ತಿದ್ದವು. ಇವಳು ಕ್ಯಾನ್ವಾಸ್ ಶೂನಲ್ಲಿ ಜಾರಿಕೊಂಡೇ ಮುಂದೆ ಹೋದಳು. ಮೂವರನ್ನು ದಾಟಿದ್ದು ನನಗೆ ದೂರದಿಂದ ಕಂಡಿತು, ಗೋಲು ಹೊಡೆದು ಸಮ ಮಾಡಿದ್ದು ಕಾಣಲಿಲ್ಲ. ಕಂಡದ್ದು ಮೊಪೆಡ್ ಪಕ್ಕ ನಿಂತಿದ್ದ ಅವಳ ಅಪ್ಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡದ್ದು. ಅವರು ಮಗಳ ಆಟ ನೋಡಿದ್ದು ಅದೇ ಮೊದಲು.

ಇನ್ನೇನು ಮುಗಿಯಬೇಕು ಎನ್ನುವಾಗ ಎದುರಿನವರ ಕ್ಯಾಪ್ಟನ್ ನಮ್ಮವರನ್ನೆಲ್ಲ ದಾಟಿ ಒಬ್ಬಳೇ ನನ್ನ ಎದುರಿಗೆ ಬಂದಳು. ಮುಂದೆ ಬಂದು ನಿಂತೆ. ಬೀಳಬೇಕೆಂದು ಮೈಯೆಲ್ಲ ಹೇಳುತ್ತಿತ್ತು, ಬೀಳಲಿಲ್ಲ. ಅವಳು ಎಡಕ್ಕೆ ನೋಡಿದಳು, ನಾನು ಅಲುಗಲಿಲ್ಲ. ಬಲಕ್ಕೆ ನೋಡಿದಳು, ಆಗಲೂ ಅಲುಗಲಿಲ್ಲ. ಅವಳ ಮುಖದಲ್ಲಿ ಒಂದು ಗಳಿಗೆ ಏನು ಮಾಡುವುದೆಂಬ ಗೊಂದಲ ಕಂಡಿತು. ಆಮೇಲೆ ಒದ್ದಳು. ಚೆಂಡು ನೇರವಾಗಿ ನನ್ನ ಹೊಟ್ಟೆಗೆ ಬಂದು ಬಡಿಯಿತು. ಅದನ್ನು ಅಪ್ಪಿಕೊಂಡು ಕೆಸರಲ್ಲಿ ಬಿದ್ದೆ. ಉಸಿರು ಕಟ್ಟಿತ್ತು, ಆದರೆ ಚೆಂಡು ಬಿಡಲಿಲ್ಲ. ಮಲಗಿದ್ದಲ್ಲಿಂದ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿತ್ತು.

ಸಮ ಆಯಿತೆಂದು ಹೆಚ್ಚಿನ ಸಮಯ ಕೊಟ್ಟರು. ಅಷ್ಟು ಹೊತ್ತಿಗೆ ಎರಡೂ ಕಡೆಯವರಿಗೆ ಕಾಲೆತ್ತಲು ಶಕ್ತಿ ಇರಲಿಲ್ಲ. ಕೊನೆಯಲ್ಲಿ ನಮಗೊಂದು ಕಾರ್ನರ್ ಸಿಕ್ಕಿತು. ಗೆಳತಿ ಒದ್ದ ಚೆಂಡು ಗುಂಪಿನಲ್ಲಿ ಬಿತ್ತು, ಯಾರದೋ ಕಾಲಿಗೆ, ಇನ್ಯಾರದೋ ಬೆನ್ನಿಗೆ ತಾಗಿ ಪುರೋಹಿತರ ಮಗಳ ಮಂಡಿಗೆ ಬಡಿದು ಒಳಗೆ ಹೋಯಿತು. ಅವಳು ಆಗ ಬೇರೆ ಕಡೆ ನೋಡುತ್ತಿದ್ದಳು. ಗೋಲು ಯಾರದು ಎಂದು ಅವಳೇ ಸುತ್ತ ಕೇಳುತ್ತಿದ್ದಳು.

ರೆಫ್ರಿ ಕೊನೆಯ ಸೀಟಿ ಊದಿದಾಗ ಸಂತೋಷ ಪಡುವುದು ಹೇಗೆಂದು ನಮಗೆ ತಿಳಿಯಲಿಲ್ಲ. ಸುಮ್ಮನೆ ಮೈದಾನದ ನಡುವೆ ಕೂತುಬಿಟ್ಟೆವು. ವಕೀಲರು ಕೋಲೂರಿಕೊಂಡು ಕೆಸರಲ್ಲೇ ನಡೆದು ಬಂದರು. ಅವರ ಪಂಚೆಯ ಅಂಚು ಕೆಂಪಾಗಿತ್ತು. ಎಲ್ಲರ ತಲೆ ಮುಟ್ಟಿದರು. ನನ್ನ ಹತ್ತಿರ ಬಂದಾಗ, "ಕಾದೆ. ಒಳ್ಳೇದಾಯ್ತು" ಎಂದರು. ಆ ದಿನ ಅವರು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಅಮ್ಮ ಸೆರಗಿನ ಗಂಟು ಬಿಚ್ಚಿ ನಮಗೆ ಬಳೆಗಳನ್ನು ಮತ್ತೆ ತೊಡಿಸಿದರು. ಒಂದು ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆಯನ್ನೂ ತಂದಿದ್ದರು. ಮೊದಲು ಅದನ್ನು ತೆಗೆದುಕೊಂಡು ಹೋಗಿದ್ದು ಎದುರಿನವರ ಹತ್ತಿರ. ಹಬ್ಬದ ದಿನ ಮನೆ ಬಿಟ್ಟು ಹಾಸ್ಟೆಲಿನಲ್ಲಿರುವ ಮಕ್ಕಳು ಅವು ಎಂದರು. ಅವರ ಕ್ಯಾಪ್ಟನ್ ಅಳುತ್ತಾ ಕೂತಿದ್ದಳು, ಅಳುತ್ತಲೇ ಎರಡು ಹೋಳಿಗೆ ತಿಂದಳು. ಆಮೇಲೆ ಬಂದು ನನ್ನ ಕೈ ಕುಲುಕಿ, ನೀನು ಬೀಳುತ್ತೀಯ ಎಂದುಕೊಂಡಿದ್ದೆ ಎಂದಳು.

ಜಿಲ್ಲಾ ಮಟ್ಟದಲ್ಲಿ ನಾವು ಹೆಚ್ಚು ದಿನ ಉಳಿಯಲಿಲ್ಲ. ಹುಣಸೂರಿನಲ್ಲಿ ನಡೆದ ಪಂದ್ಯದಲ್ಲಿ ಕಾಡಂಚಿನ ಊರೊಂದರ ಹುಡುಗಿಯರು ಬರಿಗಾಲಲ್ಲಿ ಆಡಿ ನಮಗೆ ಮೂರು ಗೋಲು ಹೊಡೆದರು. ಅವರ ಓಟದ ಮುಂದೆ ನಮ್ಮ ಪಾಠವೆಲ್ಲ ನಿಲ್ಲಲಿಲ್ಲ. ಸೋತು ಬಸ್ಸಿನಲ್ಲಿ ಬರುವಾಗ ಯಾರೂ ಅಳಲಿಲ್ಲ. ಆ ಹುಡುಗಿಯರು ಹೇಗೆ ಒಬ್ಬರಿಗೊಬ್ಬರು ಚೆಂಡು ಕೊಟ್ಟರು, ನಾವೂ ಹಾಗೆ ಮಾಡಬಹುದೆ ಎಂದು ಊರು ಸೇರುವವರೆಗೆ ಮಾತಾಡಿದೆವು. ಆ ಪಂದ್ಯ ನೋಡಿದವರು ಗೆಳತಿಯನ್ನು ಜಿಲ್ಲಾ ತಂಡಕ್ಕೆ ಆರಿಸಿದರು. ಮುಂದಿನ ಮಟ್ಟದ ಪಂದ್ಯಗಳಿಗೆ ಹಾಸನಕ್ಕೆ ಹೋಗಿ ಉಳಿದು ಆಡಬೇಕಿತ್ತು. ಅವಳ ಅಮ್ಮ ಹಿಂದೆ ಮುಂದೆ ನೋಡಿದಾಗ ಅಪ್ಪನೇ, ನಾನು ನೋಡಿದ್ದೀನಿ, ಹೋಗಲಿ ಎಂದರಂತೆ.

ಆ ಹಬ್ಬದ ಪಂದ್ಯದ ಸುದ್ದಿ ಶಾಲೆಯಲ್ಲಿ ಹರಡಿ ಮುಂದಿನ ವರ್ಷ ಬೇವಿನ ಮರದ ಕೆಳಗೆ ಎರಡು ಟೀಮಿಗಾಗುವಷ್ಟು ಹುಡುಗಿಯರು ಸೇರಿದರು. ಹೆಡ್‌ಮಿಸ್ ಥ್ರೋಬಾಲ್ ಆಡುವವರೇ ಇಲ್ಲವಲ್ಲ ಎಂದು ಗೊಣಗಿದರು. ನಾನು ಹತ್ತನೇ ತರಗತಿಯ ಪರೀಕ್ಷೆಗೆ ಓದಬೇಕಿದ್ದರೂ ಬೆಳಿಗ್ಗೆ ಹೋಗಿ ಚಿಕ್ಕವರಿಗೆ ಚೆಂಡು ಹಿಡಿಯುವುದನ್ನು ಹೇಳಿಕೊಡುತ್ತಿದ್ದೆ. ವಕೀಲರು ಇನ್ನೂ ಕೆಲವು ವರ್ಷ ಬಂದರು. ಮಂಡಿ ಪೂರಾ ಸೋತ ಮೇಲೆ ಹುಡುಗಿಯರೇ ಶನಿವಾರ ಮಧ್ಯಾಹ್ನ ಚಾಮರಾಜಪುರಂಗೆ ಹೋಗಿ ಅವರ ಪಡಸಾಲೆಯಲ್ಲಿ ಕೂತು ಬರುತ್ತಿದ್ದರು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅವರು ತೀರಿಕೊಂಡರು. ಆ ದಿನ ಆ ಮನೆಯ ಮುಂದೆ ಕೋರ್ಟಿನಿಂದ ಬಂದ ವಕೀಲರಿಗಿಂತ ಹೆಚ್ಚಾಗಿ ಹೆಣ್ಣುಮಕ್ಕಳಿದ್ದರು. ಕೆಲವರ ಸೊಂಟದಲ್ಲಿ ಮಕ್ಕಳೂ ಇದ್ದವು.

ಅದಾಗಿ ಕೆಲವು ವರ್ಷದ ಮೇಲೆ ಜಿಲ್ಲಾ ಮಟ್ಟದ ಪಂದ್ಯಗಳು ನಮ್ಮೂರಲ್ಲಿ ನಡೆದವು. ನಾನಾಗ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ, ರಜೆಯ ದಿನ ಬೆಳಿಗ್ಗೆ ಹಳೆಯ ಶಾಲೆಯ ಕೀಪರ್‌ಗಳಿಗೆ ಹೇಳಿಕೊಡಲು ಹೋಗುತ್ತಿದ್ದೆ. ಗೆಳತಿ ಪಿರಿಯಾಪಟ್ಟಣದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಳು. ಅವಳ ಹುಡುಗಿಯರೂ ನಮ್ಮ ಶಾಲೆಯವರೂ ಫೈನಲ್‌ನಲ್ಲಿ ಎದುರಾದರು. ಇಬ್ಬರೂ ಮೈದಾನದ ಒಂದೊಂದು ಬದಿಯಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆವು. ಅವಳ ಹುಡುಗಿಯರು ಗೆದ್ದರು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವಳು ನಗುವನ್ನು ಮುಚ್ಚಿಡಲು ಪಡುತ್ತಿದ್ದ ಪಾಡು ನೋಡಿ ನನಗೇ ನಗು ಬಂದುಬಿಟ್ಟಿತು.

ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳ ಹುಡುಗಿಯರಲ್ಲಿ ಬಹಳ ಮಂದಿ ಅರಮನೆಯನ್ನೇ ನೋಡಿರಲಿಲ್ಲ. ಹೋಗೋಣ ಎಂದೆವು. ಸೋತ ನಮ್ಮ ಹುಡುಗಿಯರೂ ದಾರಿ ತೋರಿಸುತ್ತೇವೆಂದು ಜೊತೆಗೆ ಹೊರಟರು. ಬಾಗಿಲಲ್ಲಿ ಚಪ್ಪಲಿ ಬಿಡುವ ಕಡೆ ಕಾವಲಿನವರು ಪಂದ್ಯದಲ್ಲಿ ಗೆದ್ದ ಕಪ್ಪನ್ನೂ ಒಳಗೆ ಒಯ್ಯುವ ಹಾಗಿಲ್ಲ, ಇಲ್ಲೇ ಬಿಡಿ ಎಂದರು. ಗೆದ್ದ ಹುಡುಗಿಯರು ಚಪ್ಪಲಿಗಳ ಪಕ್ಕ ಕಪ್ಪು ಇಡಲು ಒಪ್ಪಲಿಲ್ಲ. ಕೊನೆಗೆ, ನೀವೆಲ್ಲ ಹೋಗಿ ಬನ್ನಿ, ನಾವು ನೋಡಿಕೊಳ್ಳುತ್ತೇವೆ ಎಂದು ಗೆಳತಿಯೂ ನಾನೂ ಹೊರಗೇ ಕೂತೆವು. ಬಿಸಿಲು ಇಳಿಯುತ್ತಿತ್ತು. ಒಳಗಿನಿಂದ ಬಂದವರು ನಮ್ಮಿಬ್ಬರ ನಡುವೆ ಕಪ್ಪು ನೋಡಿ, ನೀವು ಗೆದ್ದಿರಾ ಎಂದು ಕೇಳಿಕೊಂಡು ಹೋಗುತ್ತಿದ್ದರು. ಹೂಂ ಎನ್ನುತ್ತಿದ್ದೆವು. ಸುಮಾರು ಹೊತ್ತಾದ ಮೇಲೆ ಎರಡೂ ಶಾಲೆಯ ಹುಡುಗಿಯರು ಒಟ್ಟಿಗೆ ಬಂದರು. ಯಾರು ಯಾವ ಕಡೆಯವರೆಂದು ಗುರುತಿಸಲು ಜೆರ್ಸಿಯ ಬಣ್ಣ ನೋಡಬೇಕಾಯಿತು. ಮುಂದಿನ ತಿಂಗಳು ನಮ್ಮ ಹುಡುಗಿಯರು ಅವರೂರಿಗೆ ಹೋಗಿ ಇನ್ನೊಂದು ಪಂದ್ಯ ಆಡಬೇಕೆಂದು ಅವರವರಲ್ಲೇ ಮಾತಾಗಿತ್ತು. ನಮ್ಮನ್ನು ಕೇಳಿದ್ದು ಬಸ್ಸು ಎಷ್ಟು ಹೊತ್ತಿಗಿದೆ ಎಂದು ಮಾತ್ರ.